ನಾಗಮಂಗಲದಿಂದ ಏನೂ ಗೊತ್ತಾಗುವುದಿಲ್ಲ

ಕಾಫಿ ಲೋಟ ಕೆಳಗಿಡುವ ಮೊದಲೇ ಲ್ಯಾಪ್‌ಟಾಪು ಕೇಳಿತು: ಈ ಆಪರೇಟಿಂಗ್ ಸಿಸ್ಟಮನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ? ರಾತ್ರಿ ತಾನೇ ಹಾಕಿಕೊಂಡ ಪ್ರಿವ್ಯೂ ಆವೃತ್ತಿ. ಸ್ಪೀಕರು ಇನ್ನೂ ಕೆಮ್ಮುತ್ತಿದೆ, ಬ್ಯಾಟರಿ ಎಷ್ಟಿದೆ ಅನ್ನುವುದು ಅದಕ್ಕೇ ತಿಳಿಯದು, ಆಗಲೇ ಹೊಗಳಿಕೆ ಬೇಕಂತೆ. ಬಿ.ಜಿ. ನಗರದಲ್ಲಿ ಆ ಹೊತ್ತಿಗೆ ನವಿಲುಗಳು ಕೂಗುತ್ತಿರುತ್ತವೆ. ಆದಿಚುಂಚನಗಿರಿಯ ಕಾಡು 1981ರಲ್ಲೇ ಮಯೂರಧಾಮವಾಗಿದೆ, ಹಾಗಾಗಿ ಅವು ಕೂಗುವುದು ಸರ್ಕಾರದ ಒಪ್ಪಿಗೆ ಪಡೆದೇ. ಆದರೆ ಕೂಗಿ ಸುಮ್ಮನಾಗುತ್ತವೆ; ಹೇಗಿತ್ತು ಅಂತ ಯಾರನ್ನೂ ಕೇಳುವುದಿಲ್ಲ.

ಬ್ಯಾಕಪ್ ಇಟ್ಟುಕೊಳ್ಳಿ, ಕೆಲಸದ ಯಂತ್ರದಲ್ಲಿ ಹಾಕಬೇಡಿ ಎಂಬ ಬುದ್ಧಿಮಾತೆಲ್ಲ ಎಲ್ಲರಿಗೂ ಗೊತ್ತು, ಬಿಡಿ. ಹಾಕಿಕೊಳ್ಳುವವರು ಅದನ್ನು ಓದುವುದಿಲ್ಲ, ಓದುವವರು ಹಾಕಿಕೊಳ್ಳುವುದಿಲ್ಲ. 2012ರ ಫೆಬ್ರವರಿ 29ರಂದು ವಿಂಡೋಸ್ 8ರ ಕನ್ಸ್ಯೂಮರ್ ಪ್ರಿವ್ಯೂ ಬಂದಾಗ ಸ್ಟಾರ್ಟ್ ಗುಂಡಿಯೇ ಮಾಯವಾಗಿತ್ತು. ಯಂತ್ರ ಆರಿಸುವುದು ಎಲ್ಲಿಂದ ಅಂತ ಲೋಕವೆಲ್ಲ ಹುಡುಕಾಡಿತು. ಪ್ರಿವ್ಯೂ ಇರುವುದೇ ಇಂಥದನ್ನು ಕೇಳಿಸಿಕೊಳ್ಳಲಿಕ್ಕೆ ಅಲ್ಲವೇ? ಆದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಪೂರ್ತಿ ಆವೃತ್ತಿ ಗುಂಡಿಯಿಲ್ಲದೆಯೇ ಹೊರಬಂತು. ಗುಂಡಿ ಮರಳಿದ್ದು 2013ರ 8.1ರಲ್ಲಿ. ಅಭಿಪ್ರಾಯ ಕೇಳುವ ಕಿಟಕಿಯನ್ನು ನಾನು ನಂಬದಿರಲು ಇಷ್ಟು ಸಾಕು.

ನನ್ನ ಪರೀಕ್ಷೆಯೇ ಬೇರೆ. ಯಾವ ಹೊಸ ಸಿಸ್ಟಮ್ ಬಂದರೂ ಮೊದಲು ನಮ್ಮ ಸುತ್ತಲಿನ ಊರುಗಳ ಹೆಸರು ಟೈಪ್ ಮಾಡುತ್ತೇನೆ. ಇದರಲ್ಲೂ ದಡ್ಡ ಊರು, ಜಾಣ ಊರು ಇವೆ. ನಾಗಮಂಗಲದಿಂದ ಏನೂ ಗೊತ್ತಾಗುವುದಿಲ್ಲ: ಒಂದು ಒತ್ತಿಲ್ಲ, ಎಂಥ ಕೆಟ್ಟ ಫಾಂಟಾದರೂ ಪಾಸು. ಪಾಂಡವಪುರವೂ ಅಷ್ಟೆ. ಆದಿಚುಂಚನಗಿರಿಯಲ್ಲಿ ಅಷ್ಟು ಅಕ್ಷರಗಳಿದ್ದೂ ಒಂದಕ್ಕೂ ಬಾಲವಿಲ್ಲ. ಕೃಷ್ಣರಾಜಪೇಟೆಯ ಮೇಲೆ ನನಗೆ ಭರವಸೆಯಿತ್ತು. ಜನ ಅದನ್ನು ಕೆ.ಆರ್. ಪೇಟೆ ಮಾಡಿ ಒತ್ತನ್ನೂ ವಟ್ರಸುಳಿಯನ್ನೂ ಒಟ್ಟಿಗೆ ಉದುರಿಸಿಬಿಟ್ಟಿದ್ದಾರೆ. ಉಳಿದದ್ದು ಶ್ರೀರಂಗಪಟ್ಟಣ. ಶುರುವಿನಲ್ಲೇ ಶ್ರೀ, ನಡುವೆ ಟ್ಟ. ಇವತ್ತಿನ ಪ್ರಿವ್ಯೂ ಅದನ್ನು ಕಾಗದದ ಹಾಳೆಯಲ್ಲಿ ಚೆನ್ನಾಗಿಯೇ ಬರೆಯಿತು, ಮೆನುವಿಗೆ ಬಂದಾಗ ಮಾತ್ರ ಟಕಾರದ ಒತ್ತು ಸೊಂಟದವರೆಗೆ ಕತ್ತರಿಸಿಹೋಗಿತ್ತು. ಇಂಗ್ಲಿಷಿನ ಎತ್ತರಕ್ಕೆ ಅಳತೆ ತೆಗೆದ ಸಾಲು. ಕೆಳಗೆ ಕಾಲು ಚಾಚುವ ಲಿಪಿ ಇದೆಯೆಂದು ವಿನ್ಯಾಸಕಾರನಿಗೆ ಯಾರೂ ಹೇಳಿಲ್ಲ.

ಇದಕ್ಕಿಂತ ಕಠಿಣ ಪರೀಕ್ಷೆ ನಾಡಿನ ಹೆಸರಿನಲ್ಲೇ ಇದೆ. ಕರ್ನಾಟಕದ ಅರ್ಕಾವತ್ತನ್ನು ಯೂನಿಕೋಡು ಉಚ್ಚಾರಣೆಯ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ: ಮೊದಲು ರ, ಆಮೇಲೆ ಹಲಂತ, ಆಮೇಲೆ ನ. ತೋರಿಸುವಾಗ ರಕಾರ ಎದ್ದು ಹೋಗಿ ನಾ ಆದ ಮೇಲೆ ಕೂರಬೇಕು. ಕೂರಿಸುವ ಕೆಲಸ ಫಾಂಟು ಮತ್ತು ಸಿಸ್ಟಮ್ ಇಬ್ಬರದೂ. ಒಬ್ಬರು ಕೈಕೊಟ್ಟರೂ ಕರ್ ಬೇರೆ, ನಾಟಕ ಬೇರೆ. ವಿಂಡೋಸ್ ಈ ವಿದ್ಯೆ ಕಲಿತದ್ದು 2001ರ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂದಾಗ. ಅದಕ್ಕೂ ಮೊದಲು ನಮ್ಮನ್ನು ಕಾಪಾಡಿದ್ದು 1998ರ ‘ಬರಹ’ದಂಥ ತಂತ್ರಾಂಶಗಳು.

ಪಕ್ಕದ ಮನೆಯ ಕಥೆ ಇನ್ನೂ ಚೆನ್ನಾಗಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ಜ್ಞಾ ಎಂಬ ಒಂದೇ ಅಕ್ಷರ ಸಂದೇಶದಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಜ್ಞಾನದ ಮೊದಲಕ್ಷರಕ್ಕೇ ಆ ಗತಿ! ತಮಾಷೆಯೆಂದರೆ ಬಿದ್ದದ್ದು ಎಲ್ಲರ ಕೈಯಲ್ಲಿದ್ದ ಪಕ್ಕಾ ಆವೃತ್ತಿ. ಇನ್ನೂ ಪರೀಕ್ಷೆಯಲ್ಲಿದ್ದ 11.3ರ ಬೀಟಾ ಅಲುಗಾಡಲಿಲ್ಲ.

ಪೂರ್ತಿಯಾದದ್ದು ಅನ್ನುವುದರ ಮೇಲೆ ನನಗೆ ದೊಡ್ಡ ಗೌರವ ಯಾವತ್ತೂ ಇರಲಿಲ್ಲ. ಮೇಲುಕೋಟೆಯಲ್ಲೇ ನೋಡಿ, ಚೆಲುವನಾರಾಯಣನ ಗುಡಿ ಪೂರ್ತಿಯಾಗಿದೆ, ಜನ ಕೈಮುಗಿದು ಬರುತ್ತಾರೆ. ಫೋಟೋ ತೆಗೆಸಿಕೊಳ್ಳುವುದು ಮಾತ್ರ ರಾಯಗೋಪುರದಲ್ಲಿ. ಅರ್ಧಕ್ಕೆ ನಿಂತ ಕಟ್ಟಡ ಅದು: ಎತ್ತರದ ಕಂಬಗಳು, ಮೇಲೆ ಗೋಪುರವೇ ಇಲ್ಲ. ರಾತ್ರೋರಾತ್ರಿ ಕಟ್ಟಲು ಹೊರಟು ಬೆಳಗಾದ್ದರಿಂದ ಬಿಟ್ಟರು ಅನ್ನುವ ಕಥೆ ಹೇಳುವವರಿದ್ದಾರೆ. ನನಗಂತೂ ಗುತ್ತಿಗೆದಾರನ ಬಿಲ್ಲು ಪಾಸಾಗದಿರುವ ಸಾಧ್ಯತೆಯೇ ಹೆಚ್ಚು ಕಾಣುತ್ತದೆ. ಸಿನಿಮಾದವರಿಗೆ ಮಾತ್ರ ಅದು ಹಾಗೇ ಇರಬೇಕು. ಮೇಲೆ ಗೋಪುರ ಬಂದಿದ್ದರೆ ಕಂಬಗಳ ನಡುವೆ ನಾಯಕಿಯ ಸೆರಗು ಹಾರಿಸಲು ಅಷ್ಟು ಆಕಾಶ ಎಲ್ಲಿ ಸಿಗುತ್ತಿತ್ತು?

ಈ ಭಾನುವಾರ ಹೋಗಿಬಂದರೆ ಹೇಗೆ ಅಂತ ಯೋಚನೆ. ಬೆಳ್ಳೂರು ಕ್ರಾಸಿನಿಂದ ನಾಗಮಂಗಲ, ಮುಂದೆ ಜಕ್ಕನಹಳ್ಳಿ ಹತ್ತಿರ ತಿರುಗಿದರೆ ಆಯಿತು. ಹನ್ನೊಂದು ಗಂಟೆಯೊಳಗೆ ಮುಟ್ಟಬೇಕು, ಆಮೇಲೆ ಕಲ್ಲು ಕಾಯುತ್ತದೆ. ಪುಳಿಯೋಗರೆಯನ್ನು ಅಲ್ಲಿಯೇ ತಿನ್ನುವುದೋ ಗೊಜ್ಜು ಕಟ್ಟಿಸಿಕೊಂಡು ಬರುವುದೋ ಎಂಬುದರ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ನಾನು ಎರಡೂ ಪಕ್ಷದಲ್ಲಿದ್ದೇನೆ.