ಮುಂದೆ ಸಾಗಿದ ಯಾತ್ರಿಕ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತನ್ನು ಕೇಳಿ ಬೆಳೆದವರು ನಾವು. ಸುತ್ತಿದ್ದನ್ನೇ ಕೋಶವಾಗಿಸಿ ಹೋದ ಮಹನೀಯರೂ ಲೋಕದಲ್ಲಿದ್ದಾರೆ. ಅಂಥವರಲ್ಲಿ ಜಪಾನಿನ ಕವಿ ಮಾತ್ಸುವೊ ಬಾಶೋ ಅಗ್ರಗಣ್ಯನು. ಆತನ ಪ್ರವಾಸಬರಹಗಳನ್ನು ಕುರಿತು ಸಹೃದಯ ವಾಚಕರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬ ಆಸೆ ಬಹುದಿನಗಳಿಂದ ಇತ್ತು. ಆಸೆಯೊಡನೆ ಒಂದು ಅಳುಕೂ ಇತ್ತು. ಅದರ ಕಾರಣ ಮುಂದೆ ತಾನಾಗಿಯೇ ತಿಳಿದುಬರುತ್ತದೆ.

ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ನೊಬುಯುಕಿ ಯುಆಸಾ ಅವರ ಇಂಗ್ಲಿಷ್ ಅನುವಾದ ನಮ್ಮ ಕೈಸೇರಿತು. 1966ರಲ್ಲಿ ಮೊದಲು ಅಚ್ಚಾದ ಆ ಗ್ರಂಥದಲ್ಲಿ ಬಾಶೋನ ಐದು ಪ್ರವಾಸಕಥನಗಳಿವೆ. ಆಗ ನಮ್ಮನ್ನು ಸೆಳೆದದ್ದು ಅವುಗಳ ರೂಪ. ಗದ್ಯ ನಡೆಯುತ್ತ ನಡೆಯುತ್ತ ಒಂದೆಡೆ ನಿಲ್ಲುತ್ತದೆ. ಅಲ್ಲಿ ಹದಿನೇಳು ಮಾತ್ರೆಗಳ ಒಂದು ಕಿರುಪದ್ಯ ಮೂಡುತ್ತದೆ. ಮತ್ತೆ ಗದ್ಯ ದಾರಿ ಹಿಡಿಯುತ್ತದೆ. ಈ ಬಗೆಯ ಬರಹಕ್ಕೆ ಜಪಾನೀಯರು 'ಹೈಬುನ್' ಎನ್ನುತ್ತಾರೆ. ಆ ಕಿರುಪದ್ಯಕ್ಕೆ ಬಾಶೋನ ಕಾಲದಲ್ಲಿದ್ದ ಹೆಸರು 'ಹೊಕ್ಕು'. 'ಹೈಕು' ಎಂಬ ಹೆಸರನ್ನು ನೆಲೆಗೊಳಿಸಿದವನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿದ್ದ ಮಸಓಕಾ ಶಿಕಿ.

ಗದ್ಯಪದ್ಯಗಳ ಬೆರಕೆ ಕನ್ನಡಿಗರಿಗೆ ಹೊಸದಲ್ಲ. ಪಂಪನು 941ರಲ್ಲಿ ತನ್ನ ಚಂಪೂಕಾವ್ಯಗಳನ್ನು ರಚಿಸುವುದಕ್ಕೆ ಕೆಲವೇ ವರ್ಷ ಹಿಂದೆ, 935ರ ಸುಮಾರಿಗೆ, ಜಪಾನಿನಲ್ಲಿ ಕಿ ನೊ ತ್ಸುರಾಯುಕಿ ಎಂಬ ಕವಿ 'ತೋಸಾ ನಿಕ್ಕಿ' ಎಂಬ ಪ್ರವಾಸದ ದಿನಚರಿಯನ್ನು ಗದ್ಯಪದ್ಯಗಳಲ್ಲಿ ಬರೆದನು. ತೋಸಾ ಪ್ರಾಂತದ ಅಧಿಕಾರ ಮುಗಿಸಿ ರಾಜಧಾನಿಗೆ ಮರಳುವ 55 ದಿನಗಳ ವೃತ್ತಾಂತವದು. ಹೆಣ್ಣೊಬ್ಬಳು ಹೇಳುವಂತೆ ಅದನ್ನು ಬರೆಯಲಾಗಿದೆ. ತೋಸಾದಲ್ಲಿ ತೀರಿಕೊಂಡ ಪುಟ್ಟ ಮಗಳ ನೆನಪು ಬಂದಲ್ಲೆಲ್ಲ ಗದ್ಯ ತಡೆದು ನಿಲ್ಲುತ್ತದೆ, ಪದ್ಯ ಹುಟ್ಟುತ್ತದೆ. ನಮ್ಮ ಚಂಪುವಿನಲ್ಲಿ ಪದ್ಯವೂ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ಇಲ್ಲಿ ಹಾಗಲ್ಲ. ಕಥೆಯನ್ನು ಹೊತ್ತು ನಡೆಯುವುದು ಗದ್ಯದ ಕೆಲಸ. ಕಾಲು ನಿಂತಲ್ಲಿ, ಮನಸ್ಸು ತುಂಬಿದಲ್ಲಿ ಪದ್ಯ.

ಈ ಪರಂಪರೆಯ ಶಿಖರವೇ ಬಾಶೋನ 'ಒಕು ನೊ ಹೊಸೊಮಿಚಿ', ಎಂದರೆ ಒಳನಾಡಿನ ಕಿರುದಾರಿ. 1689ರ ವಸಂತದಲ್ಲಿ, ತನ್ನ 45ರ ಪ್ರಾಯದಲ್ಲಿ, ಇದ್ದ ಗುಡಿಸಲನ್ನು ಪರರಿಗೆ ಬಿಟ್ಟುಕೊಟ್ಟು, ಸೋರಾ ಎಂಬ ಶಿಷ್ಯನೊಡನೆ ಆತ ಎದೋ ನಗರದಿಂದ, ಎಂದರೆ ಈಗಿನ ಟೋಕಿಯೊದಿಂದ, ಉತ್ತರಕ್ಕೆ ಹೊರಟನು. ಸುಮಾರು 150 ದಿನ, 2,400 ಕಿಲೋಮೀಟರಿನಷ್ಟು ದಾರಿ. ಹೆಚ್ಚಿನದೆಲ್ಲ ಕಾಲ್ನಡಿಗೆ. ಹಿರೈಝುಮಿಯಲ್ಲಿ ವೀರ ಯೋಷಿತ್ಸುನೆ ಮಡಿದು ಆಗ್ಗೆ ಸರಿಯಾಗಿ 500 ವರ್ಷ ಸಂದಿದ್ದವು. ಕೋಟೆ ಅಳಿದು ಹುಲ್ಲು ಬೆಳೆದ ಆ ನೆಲದಲ್ಲಿ ಕವಿ ಕುಳಿತು, ಚೀನಾದ ದು ಫೂವನ್ನು ನೆನೆದು ಕಣ್ಣೀರಿಟ್ಟನು. ಅಲ್ಲಿನ ಹೈಕು ಜಗತ್ಪ್ರಸಿದ್ಧ. ಆದರೆ ಪ್ರವಾಸಕ್ಕೆ ಮೊದಲೇ ಹಂಬಲಿಸಿದ್ದ ಮತ್ಸುಶಿಮಾ ದ್ವೀಪಗಳನ್ನು ಕಂಡಾಗ ಆತನ ಪದ್ಯವೇ ಇಲ್ಲ. ಶಿಷ್ಯನದೊಂದನ್ನು ಸೇರಿಸಿ ಗುರು ಸುಮ್ಮನಾಗಿದ್ದಾನೆ. ಬಾರದ ಪದ್ಯವನ್ನು ಬಲವಂತದಿಂದ ಬರೆಸಿಕೊಳ್ಳದ ಪ್ರಾಮಾಣಿಕತೆ ಅದು.

ವಿದ್ಯಾರ್ಥಿದೆಸೆಯಲ್ಲಿ ನಾವು ಇಷ್ಟನ್ನೇ ಮೆಚ್ಚಿ ಪುಸ್ತಕ ಮುಚ್ಚಿಟ್ಟೆವು. ಇತ್ತೀಚೆಗೆ ಮತ್ತೆ ತೆರೆದಾಗ ಬೇರೆ ಎರಡು ಪ್ರಸಂಗಗಳು ನಮ್ಮನ್ನು ಹಿಡಿದು ನಿಲ್ಲಿಸಿದವು.

ಮೊದಲನೆಯದು 1684ರ ಶರತ್ಕಾಲದ ಪ್ರವಾಸದ್ದು. ಫುಜಿ ನದಿಯ ಬಳಿ, ಹೆತ್ತವರು ತೊರೆದುಹೋದ ಮೂರು ವರ್ಷದ ಕೂಸೊಂದು ಅಳುತ್ತಿತ್ತು. ಬಾಶೋ ತನ್ನ ಅಂಗಿಯ ತೋಳಿನಲ್ಲಿದ್ದ ತಿನಿಸನ್ನು ಅದಕ್ಕೆ ಕೊಟ್ಟು, ಇದು ದೈವದ ಆಟ, ನಿನ್ನ ವಿಧಿಗೆ ನೀನೇ ಅಳಬೇಕು ಎಂಬಂತೆ ನುಡಿದು ಮುಂದೆ ನಡೆದನು. ಚೀನೀ ಕಾವ್ಯಪರಂಪರೆಯಲ್ಲಿ ಕೋತಿಯ ಕೂಗು ಶೋಕದ ಸಂಕೇತ. ಆ ಕೂಗಿಗೆ ಕರಗಿದ ಕವಿಕುಲವನ್ನೇ ಅಲ್ಲಿನ ಹೈಕು ಪ್ರಶ್ನಿಸುತ್ತದೆ. ಪ್ರಶ್ನೆ ಕೇಳಿದವನೂ ಕವಿಯೇ ಅಲ್ಲವೆ?

ಎರಡನೆಯದು ಇಚಿಬುರಿ ಎಂಬ ಊರಿನ ವಸತಿಯಲ್ಲಿ ನಡೆದದ್ದು. ಪಕ್ಕದ ಕೋಣೆಯಲ್ಲಿ ವೇಶ್ಯಾವೃತ್ತಿಯ ಇಬ್ಬರು ಹೆಣ್ಣುಮಕ್ಕಳು ತಮ್ಮ ಪಾಡನ್ನು ಹೇಳಿಕೊಂಡು ಮರುಗುತ್ತಿದ್ದುದು ಕವಿಯ ಕಿವಿಗೆ ಬಿತ್ತು. ಅವರು ಈಸೆ ಕ್ಷೇತ್ರದ ಯಾತ್ರೆಗೆ ಹೊರಟವರು. ಮುಂಜಾನೆ, ಈತನ ಸಂನ್ಯಾಸಿಯ ಉಡುಪನ್ನು ಕಂಡು, ದಾರಿಯ ಭಯವಿದೆ, ದೂರದಿಂದಲಾದರೂ ನಿಮ್ಮ ಹಿಂದೆ ಬರುತ್ತೇವೆ, ಕರುಣೆ ತೋರಿರೆಂದು ಕಣ್ಣೀರಿಟ್ಟು ಬೇಡಿಕೊಂಡರು. ನಾವು ಅಲ್ಲಲ್ಲಿ ತಂಗುವವರು, ಅದೇ ದಾರಿಯಲ್ಲಿ ಹೋಗುವವರನ್ನು ಹಿಂಬಾಲಿಸಿರಿ, ದೇವರು ಕಾಯುತ್ತಾನೆ ಎಂದು ಹೇಳಿ ಬಾಶೋ ಹೊರಟುಬಿಟ್ಟನು. ಮರುಕ ಮಾತ್ರ ಬಹಳ ಹೊತ್ತು ಆತನನ್ನು ಬಿಡಲಿಲ್ಲ.

ಸೋರಾನ ದಿನಚರಿ 1943ರಲ್ಲಿ ಪ್ರಕಟವಾಯಿತು. ಅದರಲ್ಲಿ ಆ ಹೆಂಗಸರ ಸುದ್ದಿಯೇ ಇಲ್ಲ. ಆದ್ದರಿಂದ ಇದು ಕವಿಯ ಕಲ್ಪನೆಯಿರಬೇಕೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ವಾಚಕರೇ, ಆ ಊಹೆ ನಿಜವೇ ಆಗಿದ್ದರೆ ಇದೆಂಥ ಕಲ್ಪನೆ ಎಂದು ಯೋಚಿಸಿ ನೋಡಿರಿ. ಕಲ್ಪಿಸಿ ಬರೆಯುವವರು ಸಾಮಾನ್ಯವಾಗಿ ಇಲ್ಲದ ಹಿರಿಮೆಯನ್ನು ತಮಗೆ ಆರೋಪಿಸಿಕೊಳ್ಳುತ್ತಾರೆ. ಈತನಾದರೋ ಇಲ್ಲದ ಕುಂದನ್ನು ತಲೆಯ ಮೇಲೆ ಹೊತ್ತುಕೊಂಡನು. ಇನ್ನೊಂದು ಬರಹದಲ್ಲಿ ಆತ ತನ್ನನ್ನು ಹಕ್ಕಿಯೂ ಅಲ್ಲದ ಇಲಿಯೂ ಅಲ್ಲದ ಬಾವಲಿಗೆ ಹೋಲಿಸಿಕೊಂಡಿದ್ದಾನೆ. ಉಡುಪು ಸಂನ್ಯಾಸಿಯದು, ಮನಸ್ಸು ಇನ್ನೂ ಅಲ್ಲಿಗೆ ತಲಪಿಲ್ಲ ಎಂಬ ಅರಿವು ಆತನಿಗಿತ್ತು.

ನಮ್ಮ ಅಳುಕಿನ ಕಾರಣವನ್ನು ಇನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಊರಿನ ಧರ್ಮಸಭೆಗೆ ಕಾರಿನಲ್ಲಿ ಹೊರಟಿದ್ದೆವು. ಹೊತ್ತು ಮುಳುಗುತ್ತಿತ್ತು. ಮುದುಕಿಯೊಬ್ಬಳು ಜ್ವರದ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯಂಚಿನಲ್ಲಿ ಕೈಯೆತ್ತಿ ನಿಂತಿದ್ದಳು. ಚಾಲಕ ಕಾರನ್ನು ನಿಧಾನಿಸಿದ. ಆಕೆ ಓಡಿಬಂದು, "ಅಪ್ಪಾರ, ದವಾಖಾನಿ ತನಕ ಬಿಡ್ರಿ" ಎಂದಳು. ಆಸ್ಪತ್ರೆ ಇದ್ದದ್ದು ನಾವು ಬಂದ ದಾರಿಯಲ್ಲಿ, ಹಿಂದಕ್ಕೆ. "ಸಭೆಗೆ ಹೊತ್ತಾಗಿದೆ ತಾಯಿ, ಹಿಂದೆ ನಮ್ಮವರ ಗಾಡಿ ಬರುತ್ತಿದೆ, ಅವರಿಗೆ ಕೈಮಾಡು" ಎಂದು ಹೇಳಿ, ಒಂದು ಹಣ್ಣನ್ನು ಮಗುವಿನ ಕೈಗಿತ್ತು ಮುಂದೆ ಸಾಗಿದೆವು. ಆ ಗಾಡಿ ಬೇರೆ ದಾರಿಯಲ್ಲಿ ಬಂದಿತ್ತೆಂಬುದು ವೇದಿಕೆಯಿಂದ ಇಳಿದ ಮೇಲೆ ತಿಳಿಯಿತು. ಅಂದು ನಾವು ಆಶೀರ್ವಚನ ನೀಡಿದ್ದು ದಯೆಯನ್ನು ಕುರಿತು.

ಆ ಪ್ರವಾಸದ ವರದಿ ಇದೇ ಪತ್ರಿಕೆಯಲ್ಲಿ ಬಂದಿತು. ಪೂರ್ಣಕುಂಭವಿತ್ತು, ಮೆರವಣಿಗೆಯಿತ್ತು, ಸೇರಿದ ಜನಸ್ತೋಮದ ವರ್ಣನೆಯಿತ್ತು. ಬರೆದವರಿಗೆ ಮುದುಕಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದ ನಾವು ಹೇಳಲಿಲ್ಲ. ಮೂರು ಶತಮಾನಗಳಿಗೂ ಹಿಂದಿನ ಪರದೇಶದ ಕವಿಯೊಬ್ಬ ಅದನ್ನು ಈಗ ಹೇಳಿಸಿದ್ದಾನೆ.

ಬರೆದುಕೊಂಡ ಮಾತ್ರಕ್ಕೆ ತಪ್ಪು ತೊಳೆದುಹೋಗುತ್ತದೆಂಬ ಭ್ರಮೆ ನಮಗಿಲ್ಲ. ಆ ಕೂಸಿಗೆ ಬಾಶೋನ ಪದ್ಯದಿಂದ ಆದ ಉಪಕಾರವೇನು? ಏನೂ ಇಲ್ಲ. ಆದರೆ ಆ ಅಳುವನ್ನು ಆತ ತನ್ನ ಪುಸ್ತಕದಿಂದ ಹೊರಗಟ್ಟಲಿಲ್ಲ. ಅದಕ್ಕಾಗಿಯೇ ಅದು ಇಂದಿಗೂ ಓದುಗನ ಕಿವಿಗೆ ಬೀಳುತ್ತದೆ. ಯಾತ್ರೆಗೆ ಹೋಗಿಬಂದ ಭಕ್ತರು ತಮ್ಮ ಅನುಭವಗಳನ್ನು ಈ ಪತ್ರಿಕೆಗೆ ಬರೆದು ಕಳುಹಿಸುತ್ತಿರುತ್ತೀರಿ. ಕಂಡ ಗುಡಿಗೋಪುರಗಳನ್ನು ಅವಶ್ಯವಾಗಿ ಬರೆಯಿರಿ. ನಿಲ್ಲದೆ ಬಂದ ಒಂದು ತಾಣವಿದ್ದರೆ ಅದನ್ನೂ ಬರೆಯಿರಿ. ನಾವಂತೂ ಈಗ ಆ ರಸ್ತೆಯಲ್ಲಿ ಹೋಗುವಾಗ ಕಾರನ್ನು ನಿಧಾನಿಸಲು ಹೇಳುತ್ತೇವೆ. ಅಲ್ಲಿ ಯಾರೂ ನಿಂತಿರುವುದಿಲ್ಲ.