ಮಧ್ಯಾಹ್ನ ದೇವನಹಳ್ಳಿ, ಅದೇ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ

ನನ್ನ ಟಿಕೆಟ್ಟಿನ ಪ್ರಕಾರ ವಿಮಾನ ದೇವನಹಳ್ಳಿ ಬಿಡುವುದು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟುವುದು ಅದೇ ದಿನ ಸಂಜೆ ಐದರ ಸುಮಾರಿಗೆ. ನಡುವೆ ಸುಮಾರು 14,000 ಕಿ.ಮೀ. ದೂರವಿದೆ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆ ಅಂತರ. ಅದನ್ನೂ ಸೇರಿಸಿದರೆ ಆಕಾಶದಲ್ಲಿ ಕಳೆಯಬೇಕಾದದ್ದು ಹದಿನಾರು ಗಂಟೆ.

ಪಕ್ಕದ ಸೀಟಿನಲ್ಲಿ ತಿಪಟೂರು ಕಡೆಯ ಹಿರಿಯರೊಬ್ಬರು, ಮಗಳ ಬಾಣಂತನಕ್ಕೆ ಹೊರಟವರು. ಎದುರಿನ ಪರದೆಯಲ್ಲಿ ವಿಮಾನ ಬಂಗಾಳ ಕೊಲ್ಲಿಯ ಮೇಲೆ ಸಾಗುವುದನ್ನೇ ನೋಡುತ್ತಿದ್ದರು.

"ಅಮೆರಿಕ ಪಶ್ಚಿಮಕ್ಕಿದೆ ಅಂತಾರೆ. ಇದ್ಯಾಕಪ್ಪಾ ಪೂರ್ವಕ್ಕೆ ಹೋಗ್ತಿದೆ?"

ಕೇಳಲೇಬೇಕಾದ ಪ್ರಶ್ನೆ. ಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರ ಬಿಗಿಹಿಡಿದು ನೋಡಿದರೆ ಅದು ಉತ್ತರಕ್ಕೆ ಏರುತ್ತದೆ. ಚೀನಾ, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಅಂಚು ತಾಗಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಅತಿ ಹತ್ತಿರದ ದಾರಿ ಅದೇ. ಆದರೆ ಬೇಗ ತಲುಪಿಸುವ ದಾರಿಯನ್ನು ಗೊತ್ತುಮಾಡುವುದು ಗಾಳಿ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಜಪಾನಿನ ಆಸುಪಾಸಿನಲ್ಲಿ ಗಂಟೆಗೆ 200 ಕಿ.ಮೀ. ವೇಗವನ್ನೂ ಮೀರುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ಸುಮಾರು 1,400 ಕಿ.ಮೀ. ಸುತ್ತು, ಒಟ್ಟು 15,300 ಕಿ.ಮೀ. ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು!

ಬೆಂಗಳೂರಿಗೆ ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಇಲ್ಲಿಗೆ ಬಂದಿಳಿಯಿತು. ಸುಮಾರು 16,000 ಕಿ.ಮೀ., ಹದಿನೇಳು ಗಂಟೆಗೂ ಹೆಚ್ಚು ಹಾರಾಟ. ಧ್ರುವದ ಬಳಿ ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ, ಟ್ಯಾಂಕಿನ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣತೆಯ ಮೇಲೂ ಕಣ್ಣಿಟ್ಟಿರಬೇಕು. ಬೆಂಗಳೂರಿನ ವಿಮಾನಯಾನ ಚರಿತ್ರೆಯಲ್ಲಿ ಆ ಹಾರಾಟಕ್ಕೆ ದೊಡ್ಡ ಜಾಗ ಸಲ್ಲಬೇಕು.

ಊಟ ಮುಗಿಯುವಷ್ಟರಲ್ಲಿ ಕತ್ತಲಾಯಿತು. ಪೂರ್ವಕ್ಕೆ ಹಾರುವವರಿಗೆ ರಾತ್ರಿ ಗಿಡ್ಡ. ಪೆಸಿಫಿಕ್ ಮೇಲೆ ಬೆಳಗಾಗಿ, ದಿನಾಂಕ ರೇಖೆ ದಾಟಿದ ಮೇಲೆ ಹೊರಟ ತಾರೀಖೇ ಮತ್ತೆ ಬಂತು. ಪಕ್ಕದವರು ಪರ್ಸಿನಿಂದ ಬಿ.ಪಿ. ಮಾತ್ರೆಯ ಪಟ್ಟಿ ತೆಗೆದರು. ಅದನ್ನು ಸುತ್ತಿದ್ದ ಚೀಟಿಯ ಮೇಲೆ ಮಗ "ಬೆಳಿಗ್ಗೆ 1, ರಾತ್ರಿ 1" ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದ. "ಈಗ ಯಾವ ಬೆಳಿಗ್ಗೆ?" ಎಂದು ಕೇಳಿದರು. ಊರಲ್ಲಿ ಆಗ ಇನ್ನೂ ನಡುರಾತ್ರಿ. ಚೀಟಿ ನಂಬಿಕೊಂಡಿದ್ದರೆ ಮುಂದಿನ ಮಾತ್ರೆ ಹಲವು ಗಂಟೆ ಮೊದಲೇ ಹೊಟ್ಟೆ ಸೇರುತ್ತಿತ್ತು.

ಅಪ್ಪ ಅಮ್ಮಂದಿರನ್ನು ಈ ದಾರಿಯಲ್ಲಿ ಕಳಿಸುವವರು ಟಿಕೆಟ್ಟಿನ ಎರಡು ಸಮಯಗಳನ್ನಷ್ಟೇ ನೋಡಬೇಡಿ. ಮಾತ್ರೆ ಎಷ್ಟು ಗಂಟೆಗೊಮ್ಮೆ ಎಂದು ವೈದ್ಯರನ್ನು ಕೇಳಿ, ಭಾರತದ ಸಮಯದಲ್ಲೇ ಬರೆದುಕೊಡಿ. ಅವರ ಕೈಗಡಿಯಾರ ಇಳಿಯುವತನಕ ಊರಿನ ಸಮಯವನ್ನೇ ತೋರಿಸಲಿ.