ಲ್ಯೂಟಿನ 'ಲ'ಕಾರ

ಹಳೆಯ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸಬೇಕೆಂಬ ಹಠ ಕೆಲವರಿಗೆ ಶೋಕಿಯಾಗಿ ಕಾಣಬಹುದು. ಆದರೆ 1953ರಲ್ಲಿ ನಿಕೋಲಾಸ್ ಹಾರ್ನನ್‌ಕೋರ್ಟ್, ಅವರ ಪತ್ನಿ ಆಲಿಸ್ ಹಾಗೂ ಗೆಳೆಯರು ವಿಯೆನ್ನಾದಲ್ಲಿ ಕಟ್ಟಿದ 'ಕಾನ್ಸೆಂಟಸ್ ಮ್ಯೂಸಿಕಸ್' ತಂಡ ಜನರೆದುರು ನುಡಿಸಿದ್ದು ನಾಲ್ಕು ವರ್ಷಗಳ ತಾಲೀಮಿನ ನಂತರ, 1957ರಲ್ಲಿ. ಶೋಕಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಅವರ ಬಾಖ್ ಧ್ವನಿಮುದ್ರಣಗಳನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಪಿಟೀಲಿನ ತಂತಿ ಕುರಿಯ ಕರುಳಿನಿಂದ ಹೊಸೆದದ್ದು. ಹವೆಯಲ್ಲಿ ತೇವ ಹೆಚ್ಚಿದರೆ ಶ್ರುತಿ ಕೆಡುತ್ತದೆ. ದೊಡ್ಡ ಸಭಾಂಗಣವನ್ನು ತುಂಬುವ ಅಬ್ಬರ ಅದಕ್ಕಿಲ್ಲ. ತುಸು ಒರಟಾಗಿ, ಯಾರೋ ಪಕ್ಕದಲ್ಲಿ ಕುಳಿತು ಮಾತಾಡಿದಂತೆ ಕೇಳುತ್ತದೆ. 'ಅಸಲಿ' ಎಂಬ ಪದವನ್ನು ಮಾತ್ರ ನಾವು ಅಳೆದೇ ಬಳಸುತ್ತೇವೆ. ಇಂಥ ತಂಡಗಳ ಎಷ್ಟೋ ವಾದ್ಯಗಳು ಹಳೆಯವನ್ನು ನೋಡಿ ಹೊಸದಾಗಿ ಮಾಡಿದವು. ಕೇಳುವ ಕಿವಿಯಂತೂ ಇಂದಿನದೇ.

ನಮ್ಮನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. 1600ರಿಂದ 1750ರವರೆಗಿನ ಈ ಬರೋಕ್ ಸಂಗೀತದಲ್ಲಿ ಲ್ಯೂಟ್ ಎಂಬ ತಂತಿವಾದ್ಯಕ್ಕೆ ಗೌರವದ ಸ್ಥಾನವಿತ್ತು. ಅದು ಅರಬರ ಊದ್‌ನ ಸಂತತಿ. ಮುಸ್ಲಿಮರ ಆಳ್ವಿಕೆಯ ಸ್ಪೇನ್ ಅದು ಯುರೋಪಿಗೆ ದಾಟಿದ ಹಾದಿಗಳಲ್ಲೊಂದು. ಜೋಡಿ ಟಿಂಪನಿಯೂ ಅರಬಿ 'ನಕ್ಕಾರ'ದ ವಂಶದ್ದು. ನಮ್ಮ ನಗಾರಿಗೂ ಹೆಸರು ಅಲ್ಲಿಂದಲೇ. ಮುಂದೆ ದೊಡ್ಡ ಸಿಂಫನಿ ವಾದ್ಯವೃಂದಗಳು ಬೆಳೆದಾಗ ಟಿಂಪನಿ ಉಳಿಯಿತು, ಮೆಲುದನಿಯ ಲ್ಯೂಟ್ ಹೊರಬಿತ್ತು. ಅದರೊಡನೆ ಈ ನಂಟಸ್ತಿಕೆಯ ನೆನಪೂ ಮಸುಕಾಯಿತು. ಇಂಥ ತಂಡಗಳಿಂದಾಗಿ ಅದು ಮತ್ತೆ ವೇದಿಕೆಗೆ ಬಂದಿದೆ. 'ಅಪ್ಪಟ ಯುರೋಪಿನ ಸಂಗೀತ' ಎಂದು ಹೆಮ್ಮೆಪಡುವವರು ಅದರ ಹೆಸರನ್ನೊಮ್ಮೆ ಉಚ್ಚರಿಸಿ ನೋಡಲಿ. 'ಅಲ್-ಊದ್' ಎಂಬುದೇ ಲ್ಯೂಟ್ ಆದದ್ದು. ಮೊದಲಿಗಿರುವ ಆ 'ಲ'ಕಾರ ಅರಬಿಯ 'ಅಲ್'ನಿಂದ ಉಳಿದದ್ದು.